ಪರರಾಜ್ಯದಲ್ಲಿ ಕೈಯಿಡುವ ಅಧಿಕಾರ: ಒಂದು ವಿಮರ್ಶೆ

ಒಂದು ರಾಷ್ಟ್ರವು ಮತ್ತೊಂದು ರಾಷ್ಟ್ರದ ಒಳಗಿನ ವ್ಯವಹಾರದಲ್ಲಿ ಬಲದಿಂದ ಕೈಯಿಡಬಹುದೋ ಇಡಬಾರದೋ ಎಂಬ ಪ್ರಶ್ನೆಯು ಹೇಗ್, ಜಿನೀವಾ, ನ್ಯೂಯಾರ್ಕುಗಳ ಪಂಡಿತರಿಗೆ ಮಾತ್ರ ಸೇರಿದ್ದೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಧಾರವಾಡದವರು ಹಾಗೆ ತಿಳಿಯಲು ಕಾರಣವಿಲ್ಲ. ಮಾಳಮಡ್ಡಿಯ ಮಗ್ಗುಲಲ್ಲಿರುವ ರೈಲು ನಿಲ್ದಾಣದಿಂದ ಮೂಡಲಕ್ಕೆ ಹೊರಟ ಗಾಡಿಯು ಹುಬ್ಬಳ್ಳಿ ಗದಗುಗಳನ್ನು ದಾಟಿ ಕೊಪ್ಪಳದ ಸೀಮೆಯನ್ನು ಸೇರುವಾಗ 1948ರ ವರೆಗೆ ಮೊಗಲಾಯಿಯನ್ನು, ಎಂದರೆ ನಿಜಾಮರ ರಾಜ್ಯವನ್ನು, ಹೊಗುತ್ತಿತ್ತು. ಅದೇ ಊರಿನಿಂದ ಬೆಳಗಾವಿಯ ದಾರಿ ಹಿಡಿದು ಹೊರಟರೆ ಇಪ್ಪತ್ತು ಮೈಲಿನ ಆಸುಪಾಸಿನಲ್ಲಿ ಕಿತ್ತೂರಿನ ಕೋಟೆಯು ಕಾಣುವದು. ಈ ಎರಡು ದಾರಿಗಳ ನಡುವೆ ವಾಸಿಸುವ ನಾವು ಎರಡು ತೀರ್ಪುಗಳನ್ನು ಕೊಟ್ಟು ಕುಳಿತಿರುವೆವು. 1824ರಲ್ಲಿ ಕುಂಪಣಿ ಸರಕಾರದ ಸೈನ್ಯವು ಕಿತ್ತೂರನ್ನು ಹೊಕ್ಕದ್ದು ಅನ್ಯಾಯ. 1948ರಲ್ಲಿ ಭಾರತ ಸರಕಾರದ ಸೈನ್ಯವು ಹೈದರಾಬಾದನ್ನು ಹೊಕ್ಕದ್ದು ನ್ಯಾಯ. ಅಕ್ಟೋಬರ ತಿಂಗಳಲ್ಲಿ ಹೊರಗಿನ ಸೈನ್ಯವನ್ನು ತಡೆದವರ ಉತ್ಸವವನ್ನು ಮಾಡುವೆವು. ಸೆಪ್ಟೆಂಬರ 17ಕ್ಕೆ ಹೊರಗಿನಿಂದ ಬಂದ ಸೈನ್ಯದ ಗೆಲುವಿನ ಉತ್ಸವವನ್ನು ಮಾಡುವೆವು. ಎರಡು ತೀರ್ಪುಗಳೂ ಸರಿಯಾಗಿರಬಹುದು. ಆದರೆ ಅವೆರಡೂ ಒಂದೇ ಅಳತೆಯಿಂದ ಬಂದವುಗಳೋ, ಅಥವಾ ನಮ್ಮವರು ಮಾಡಿದ್ದು ನ್ಯಾಯ, ಅನ್ಯರು ಮಾಡಿದ್ದು ಅನ್ಯಾಯ ಎಂಬ ಬರಿಯ ಅಭಿಮಾನದಿಂದ ಬಂದವುಗಳೋ ಎಂಬದನ್ನು ವಿಚಾರಿಸಿದವರು ವಿರಳ.

ಇಂಥ ವಿಚಾರಕ್ಕೆ ಸಾಹಿತ್ಯದ ಮಾಸಪತ್ರಿಕೆಯಲ್ಲಿ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಉತ್ತರವು ಸರಳವಾಗಿದೆ. ಈ ವಿಷಯದ ವಾದಗಳೆಲ್ಲ ಕೆಲವು ಶಬ್ದಗಳ ಮೇಲೆ ನಿಂತಿರುವವು. ಕಿತ್ತೂರಿನ ಪ್ರಕರಣದಲ್ಲಿ 'ದೇಸಗತಿ', ಮೈಸೂರಿನ ಪ್ರಕರಣದಲ್ಲಿ 'ದುರಾಡಳಿತ', ಹೈದರಾಬಾದಿನ ಪ್ರಕರಣದಲ್ಲಿ 'ಪೋಲೀಸ ಕಾರ್ಯಾಚರಣೆ' ಎಂಬ ಶಬ್ದಗಳು ಸೈನ್ಯಕ್ಕಿಂತ ಮುಂದಾಗಿಯೋ ಹಿಂದಿನಿಂದಲೋ ನಡೆದು ಬಂದಿವೆ. ಶಬ್ದವು ಅರ್ಥವನ್ನು ಹೊತ್ತು ತಂದಿದೆಯೋ ಮುಚ್ಚಿಟ್ಟಿದೆಯೋ ಎಂದು ಒರೆಹಚ್ಚಿ ನೋಡುವದು ವಿಮರ್ಶೆಯ ಕೆಲಸವೇ ಆಗಿದೆ.

ಮೊದಲು ಶಾಸ್ತ್ರದ ಮಾತನ್ನು ಕೇಳೋಣ. ನಮ್ಮ ಕೌಟಿಲ್ಯನು ಅರ್ಥಶಾಸ್ತ್ರದ ಷಾಡ್ಗುಣ್ಯ ಪ್ರಕರಣದಲ್ಲಿ ಯಾವ ಅರಸನ ಮೇಲೆ ದಂಡೆತ್ತಿ ಹೋಗಬೇಕೆಂಬದನ್ನು ವಿಚಾರಿಸುವಾಗ, ಅನ್ಯಾಯವೃತ್ತಿಯವನ ಮೇಲೆ ಹೋಗುವದು ಮೇಲು ಎಂದು ಹೇಳಿರುವನು. ಏಕೆಂದರೆ ಪ್ರಜೆಗಳು ಅಂಥ ಅರಸನಿಗೆ ನೆರವಾಗುವದಿಲ್ಲ. ಇಲ್ಲಿ ಪ್ರಜೆಗಳ ದುಃಖವು ಲೆಕ್ಕಕ್ಕೆ ಬಂದಿದೆ, ನಿಜ. ಆದರೆ ಅದು ಬಂದದ್ದು ಗೆಲುವಿನ ಅನುಕೂಲವೆಂದು. ಅದು ನೀತಿಯೇ ಹೊರತು ಹಕ್ಕಿನ ವಿಚಾರವಲ್ಲ. ಹಾಲಂಡದ ಗ್ರೋಶಿಯಸ್ಸನು 1625ರಲ್ಲಿ ಪ್ರಕಟಿಸಿದ ಯುದ್ಧಶಾಂತಿಗಳ ಗ್ರಂಥದಲ್ಲಿ, ಪ್ರಜೆಗಳನ್ನು ಹಿಂಸಿಸುವ ಅರಸನ ವಿರುದ್ಧ ಆ ಪ್ರಜೆಗಳಿಗಾಗಿ ಹೊರಗಿನವನು ಶಸ್ತ್ರವನ್ನೆತ್ತಬಹುದೆಂದು ಒಪ್ಪಿದನು. 1758ರಲ್ಲಿ ವಾಟೆಲನು ಪ್ರತಿಯೊಂದು ರಾಷ್ಟ್ರವೂ ತನ್ನ ಮನೆಗೆ ತಾನೇ ಯಜಮಾನನೆಂಬ ತತ್ತ್ವವನ್ನು ಮುಂದಿಟ್ಟು ಈ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದನು. ಪ್ರಜೆಗಳೇ ಪೀಡಕನ ವಿರುದ್ಧ ಎದ್ದು ನಿಂತು ನೆರವನ್ನು ಕೇಳಿದಾಗ ಮಾತ್ರ ಸಣ್ಣದೊಂದು ಸಂದನ್ನು ಬಿಟ್ಟನು.

ಮುಂದಿನ ಶತಮಾನದಲ್ಲಿ ಜಾನ್ ಸ್ಟುವರ್ಟ್ ಮಿಲ್ಲನು 1859ರಲ್ಲಿ ಇದೇ ವಿಷಯದ ಮೇಲೆ ಬರೆದ ಪ್ರಬಂಧವು ಇಂದಿಗೂ ಓದಲ್ಪಡುತ್ತಿದೆ. ಪರರು ತಂದುಕೊಟ್ಟ ಸ್ವಾತಂತ್ರ್ಯವು ಬಾಳಲಾರದು, ಜನರು ತಾವೇ ಹೋರಾಡಿ ಪಡೆದದ್ದೇ ಉಳಿಯುವದು ಎಂಬದು ಅವನ ಮುಖ್ಯ ವಾದ. ಆ ವಾದವು ಗಂಭೀರವಾದದ್ದು. ಆದರೆ ಅದೇ ಪ್ರಬಂಧದಲ್ಲಿ ಅವನು ಈ ನಿಯಮವು ನಾಗರಿಕ ರಾಷ್ಟ್ರಗಳಿಗೆ ಮಾತ್ರ ಸಲ್ಲುವದೆಂದೂ, 'ಅನಾಗರಿಕ'ರಿಗೆ ಸಲ್ಲದೆಂದೂ ಹೇಳಿ, ಭಾರತದಲ್ಲಿ ಕುಂಪಣಿಯು ಮಾಡಿದ್ದಕ್ಕೆಲ್ಲ ದಾರಿಯನ್ನು ತೆರೆದಿಟ್ಟನು. ಮಿಲ್ಲನು ಅದೇ ಕುಂಪಣಿಯ ಲಂಡನ್ನಿನ ಕಚೇರಿಯಲ್ಲಿ 1858ರ ವರೆಗೆ ಅಧಿಕಾರಿಯಾಗಿದ್ದನೆಂಬದನ್ನು ಮರೆಯಲಾಗದು. ನಿಯಮವನ್ನು ಬರೆಯುವವನೇ ಅದು ಯಾರಿಗೆ ಸಲ್ಲುವದೆಂಬದನ್ನೂ ಬರೆದರೆ, ನಿಯಮವು ಉಳಿದೂ ಉಳಿಯದಂತಾಗುವದು. ಈ ದೋಷವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೀಮೆಯ ಪ್ರಕರಣಗಳಿಗೆ ಬರೋಣ.

ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಅವನ ಹೆಸರಿನಲ್ಲಿ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಳ್ಳಲಾಗಿತ್ತು. ಧಾರವಾಡದಲ್ಲಿ ಕಲೆಕ್ಟರನೂ ಪೊಲಿಟಿಕಲ್ ಏಜಂಟನೂ ಆಗಿದ್ದ ಥ್ಯಾಕರೆಯು ದತ್ತಕಪತ್ರದ ಬಗೆಗೆ ಸಂಶಯವನ್ನೆತ್ತಿ, ದತ್ತಕವನ್ನು ಮನ್ನಿಸದೆ, ಖಜಿನೆಗೆ ಮುದ್ರೆಯೊತ್ತಿ ಕಾವಲಿಟ್ಟನು. ಮಲ್ಲಸರ್ಜನ ರಾಣಿ ಚೆನ್ನಮ್ಮನು ಒಪ್ಪಲಿಲ್ಲ. ಅಕ್ಟೋಬರ 23ರಂದು ಕೋಟೆಯ ಮುಂದೆ ನಡೆದ ಕದನದಲ್ಲಿ ಥ್ಯಾಕರೆಯು ಸತ್ತನು. ಡಿಸೆಂಬರ ಮೊದಲ ವಾರದಲ್ಲಿ ದೊಡ್ಡ ಸೈನ್ಯವು ಬಂದು ಕೋಟೆಯನ್ನು ಹಿಡಿಯಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು.

ಕುಂಪಣಿಯ ವಾದವೇನಿತ್ತು? ಕಿತ್ತೂರು ರಾಷ್ಟ್ರವೇ ಅಲ್ಲ, ಅದೊಂದು ದೇಸಗತಿ, ಪೇಶವೆಯವರ ಕೈಕೆಳಗಿದ್ದದ್ದು ಪೇಶವಾಯಿ ಮುಗಿದ ಮೇಲೆ ಕುಂಪಣಿಯ ಕೈಕೆಳಗೆ ಬಂದಿತು, ಮೇಲಿನ ಸರಕಾರದ ಒಪ್ಪಿಗೆಯಿಲ್ಲದ ದತ್ತಕಕ್ಕೆ ಬೆಲೆಯಿಲ್ಲ. ಆದುದರಿಂದ ಇದು ಪರರಾಜ್ಯದಲ್ಲಿ ಕೈಯಿಟ್ಟಂತಲ್ಲ, ತನ್ನ ಮನೆಯ ಲೆಕ್ಕವನ್ನು ತಾನು ನೋಡಿದಂತೆ. ಕಿತ್ತೂರಿನವರ ದೃಷ್ಟಿಯು ಬೇರೆ. ತಾವು ಪೇಶವೆಯ ವಿರುದ್ಧ ಇಂಗ್ಲಿಷರಿಗೆ ನೆರವಾಗಿ ಕರಾರು ಮಾಡಿಕೊಂಡವರು; ಕರಾರು ಮಾಡಿಕೊಂಡವರು ಸಮಾನರಲ್ಲದಿದ್ದರೂ ಆಳುಗಳಂತೂ ಅಲ್ಲ. ಈ ವಾದವನ್ನು ಕೇಳಲು ಯಾವ ನ್ಯಾಯಸ್ಥಾನವೂ ಇರಲಿಲ್ಲ. ವಾದಿಯೂ ಕುಂಪಣಿ, ನ್ಯಾಯಾಧೀಶನೂ ಕುಂಪಣಿ. ತೀರ್ಪಿನ ತರುವಾಯ ಖಜಿನೆಯು ಹೋದದ್ದೂ ಕುಂಪಣಿಗೆ.

ಮೈಸೂರಿನ ಪ್ರಕರಣವು ಬೇರೆ ತೆರದ್ದು. ನಗರದ ರೈತರು 1830ರಲ್ಲಿ ದಂಗೆಯೆದ್ದರು. ಅವರ ದೂರುಗಳು ಸುಳ್ಳಾಗಿರಲಿಲ್ಲ. ಗುತ್ತಿಗೆಯ ಕಂದಾಯದ ಪದ್ಧತಿಯು ಅವರನ್ನು ಹಿಂಡಿತ್ತು. ಗವರ್ನರ ಜನರಲ್ ಬೆಂಟಿಂಕನು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತೆಗೆದುಕೊಂಡನು. ಹೇಳಿದ ಕಾರಣವು ದುರಾಡಳಿತ. ಆಧಾರವಾಗಿ ಹಿಡಿದದ್ದು 1799ರ ಕರಾರಿನ ನಾಲ್ಕನೆಯ ಕಲಮು. ಆ ಕಲಮನ್ನು ತೆರೆದು ನೋಡಿದರೆ ಅದರ ಕಾಳಜಿಯು ಕುಂಪಣಿಗೆ ಬರಬೇಕಾದ ಪೊಗದಿಯ ಹಣವು ನಿಲ್ಲಬಾರದೆಂಬದರ ಮೇಲಿದೆ. ಎಂದರೆ ರೈತನ ಕಣ್ಣೀರನ್ನು ತೋರಿಸಿ ಒಳಹೊಕ್ಕು, ಹಣದ ಕಲಮಿನ ಮೇಲೆ ನಿಂತುಕೊಂಡಂತಾಯಿತು. ದೊರೆಯು ತನ್ನ ರಾಜ್ಯವನ್ನು ಮರಳಿ ಕೇಳುತ್ತಲೇ 1868ರಲ್ಲಿ ತೀರಿಕೊಂಡನು. ಅವನ ದತ್ತಕಪುತ್ರ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರವು ಮರಳಿದ್ದು 1881ರಲ್ಲಿ. ಐವತ್ತು ವರ್ಷಗಳ ಆಡಳಿತದಲ್ಲಿ ರಸ್ತೆ, ಸೇತುವೆ, ಶಾಲೆಗಳಾದವು. ಅದನ್ನು ಅಲ್ಲಗಳೆಯುವದು ಸಲ್ಲದು. ಆದರೆ ಒಳ್ಳೆಯ ರಸ್ತೆಯಾಯಿತೆಂಬದರಿಂದ ಒಳಹೊಕ್ಕ ಅಧಿಕಾರವು ಸಿದ್ಧವಾಗುವದಿಲ್ಲ. ಕೊನೆಗೂ ಅದನ್ನು ಮರಳಿ ಕೊಟ್ಟರೆಂಬದೊಂದೇ ಈ ಪ್ರಕರಣವನ್ನು ಕಿತ್ತೂರಿನಿಂದ ಬೇರ್ಪಡಿಸುವದು.

ಇನ್ನು ಹೈದರಾಬಾದು. ಈ ರಾಜ್ಯವು 82,000 ಚದರ ಮೈಲುಗಳಿಗೂ ಮಿಕ್ಕ ವಿಸ್ತಾರದ್ದು. 1941ರಲ್ಲಿ ಅದರ ಜನಸಂಖ್ಯೆಯು 1 ಕೋಟಿ 60 ಲಕ್ಷವನ್ನು ಮೀರಿತ್ತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಕನ್ನಡ ನಾಡಿನ ಅಂಗಗಳಾಗಿದ್ದವು. 1947ರ ಸ್ವಾತಂತ್ರ್ಯ ಕಾಯದೆಯು ಸಂಸ್ಥಾನಗಳ ಮೇಲಣ ಬ್ರಿಟಿಷ ಸಾರ್ವಭೌಮತ್ವವನ್ನು ಮುಗಿಸಿತು. ಅದನ್ನು ಭಾರತಕ್ಕೆ ಒಪ್ಪಿಸಲಿಲ್ಲ. ನಿಜಾಮರು ಯಾವ ಒಕ್ಕೂಟವನ್ನೂ ಸೇರದೆ ನಿಂತರು. 1947ರ ನವೆಂಬರ 29ರಂದು ಒಂದು ವರ್ಷದ ಯಥಾಸ್ಥಿತಿ ಕರಾರಾಯಿತು. ಅದರಲ್ಲಿ ಭಾರತಕ್ಕೆ ಸಾರ್ವಭೌಮತ್ವವು ಬಂದಂತಾಗದೆಂದು ಬರೆದಿತ್ತು. ತಂಟೆಯೆದ್ದರೆ ಪಂಚಾಯತಿಗೆ ಒಪ್ಪಿಸಬೇಕೆಂದೂ ಬರೆದಿತ್ತು. ಎರಡು ಕಡೆಯವರೂ ಒಬ್ಬರ ಮೇಲೊಬ್ಬರು ಕರಾರು ಮುರಿದ ಆರೋಪವನ್ನು ಹೊರಿಸಿದರು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಗಳ ಸಾಲ, ಭಾರತದ ನಾಣ್ಯಕ್ಕೆ ತಡೆ, ವಿಮಾನದಿಂದ ಗುಪ್ತವಾಗಿ ತರಿಸಿದ ಶಸ್ತ್ರ ಎಂದು ಭಾರತವು ದೂರಿತು. ಸಾಮಾನುಗಳ ದಿಗ್ಬಂಧ ಎಂದು ಹೈದರಾಬಾದು ದೂರಿತು.

ಈ ದಸ್ತಾವೇಜುಗಳ ಕೆಳಗೆ ಹಳ್ಳಿಯ ಜನರು ಬದುಕುತ್ತಿದ್ದರು. ಕಾಸಿಂ ರಜವಿಯ ರಜಾಕಾರರ ದಂಡುಗಳು ಊರುಗಳನ್ನು ಸುಲಿದವು. ಬೀದರ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕೊಲೆಗಳು ಇಂದಿಗೂ ಆ ಭಾಗದ ಜನರ ಬಾಯಲ್ಲಿವೆ. ಸ್ವಾಮಿ ರಾಮಾನಂದ ತೀರ್ಥರ ಮುಂದಾಳುತನದ ರಾಜ್ಯ ಕಾಂಗ್ರೆಸ್ಸು ಭಾರತವನ್ನು ಸೇರಬೇಕೆಂಬ ಚಳವಳಿಯನ್ನು 1947ರ ಆಗಸ್ಟಿನಲ್ಲಿಯೇ ಹೂಡಿತ್ತು. ಗಡಿಯ ಈಚೆಗೆ ನಮ್ಮ ಧಾರವಾಡ ಜಿಲ್ಲೆಯಲ್ಲಿದ್ದ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳೂ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರೂ ಶಿಬಿರಗಳನ್ನು ನಡಿಸಿದರು. ಒಳಗಿನ ಜನರು ಹೊರಗಿನವರ ನೆರವನ್ನು ಕೇಳಿದರೆಂಬದಕ್ಕೆ ಇದಕ್ಕಿಂತ ಸಾಕ್ಷಿಯು ಬೇಡ.

ಹೈದರಾಬಾದು 1948ರ ಆಗಸ್ಟ 21ರಂದು ಸಂಯುಕ್ತ ರಾಷ್ಟ್ರಗಳ ಭದ್ರತಾ ಮಂಡಲಿಗೆ ದೂರಿತ್ತಿತು. ದೂರು ವಿಚಾರಣೆಗೆ ಬರುವ ಮೊದಲೇ ಸೆಪ್ಟೆಂಬರ 13ರಂದು ಭಾರತದ ಸೈನ್ಯವು ಒಳಹೊಕ್ಕಿತು. 16ರಂದು ಪ್ಯಾರಿಸ್ಸಿನಲ್ಲಿ ಮಂಡಲಿಯು ಕೂಡಿತು. 17ರಂದು ನಿಜಾಮರು ಶರಣಾದರು. 22ರಂದು ದೂರನ್ನು ಹಿಂದೆಗೆದುಕೊಂಡರು. ಮಂಡಲಿಯಲ್ಲಿ ಭಾರತದ ಪರವಾಗಿ ಮಾತಾಡಿದವರು ಆಗ ಮೈಸೂರಿನ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮುದಲಿಯಾರರು. ಹೈದರಾಬಾದು ಎಂದಿಗೂ ಸ್ವತಂತ್ರ ರಾಷ್ಟ್ರವಾಗಿರಲಿಲ್ಲ. ರಾಷ್ಟ್ರವಲ್ಲದ್ದಕ್ಕೆ ಮಂಡಲಿಯ ಮುಂದೆ ಬರುವ ಅಧಿಕಾರವಿಲ್ಲ. ಇದು ಭಾರತದ ಮನೆಯ ವಿಷಯ ಎಂಬದು ಭಾರತದ ವಾದದ ಸಾರ.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕೆಂದು ಬಿನ್ನಹ. 'ಅದು ರಾಷ್ಟ್ರವಲ್ಲ, ನಮ್ಮ ಮನೆಯ ವಿಷಯ' ಎಂಬ ಈ ಮಾತನ್ನು ನಾವು ಹಿಂದೆ ಎಲ್ಲಿ ಕೇಳಿದೆವು? ಕಿತ್ತೂರಿನಲ್ಲಿ, ಕುಂಪಣಿಯ ಬಾಯಿಂದ. ಕಿತ್ತೂರು ಬರಿಯ ದೇಸಗತಿಯೆಂಬ ವಾದವನ್ನು ತಿರಸ್ಕರಿಸಿದ ನಾವು, ಹೈದರಾಬಾದು ಬರಿಯ ಸಂಸ್ಥಾನವೆಂಬ ವಾದದ ಮೇಲೆಯೇ ನಿಶ್ಚಿಂತರಾಗಿ ಕುಳಿತುಕೊಳ್ಳಲಾಗದು. ಹೈದರಾಬಾದಿಗೆ ಪರರಾಷ್ಟ್ರಗಳೊಡನೆ ಸ್ವತಂತ್ರ ವ್ಯವಹಾರವಿರಲಿಲ್ಲ, ಸುತ್ತಲೂ ಭಾರತದ ನೆಲವಿತ್ತು, ಅದರ ರಕ್ಷಣೆಯು ಬ್ರಿಟಿಷರ ಕೈಯಲ್ಲಿತ್ತು ಎಂಬವು ಬಲವಾದ ಕಾರಣಗಳು, ಸಂದೇಹವಿಲ್ಲ. ಆದರೆ ಇವುಗಳಲ್ಲಿ ಬಹುಭಾಗವು ಕಿತ್ತೂರಿಗೂ ಸಲ್ಲುವದು. ಆದುದರಿಂದ ಎರಡು ತೀರ್ಪುಗಳನ್ನೂ ಉಳಿಸಿಕೊಳ್ಳಬೇಕಾದರೆ, 'ಅದು ರಾಷ್ಟ್ರವೋ ಅಲ್ಲವೋ' ಎಂಬದಕ್ಕಿಂತ ಬೇರೆಯಾದ ಅಳತೆಯನ್ನು ನಾವು ಹುಡುಕಬೇಕು.

ಆ ಅಳತೆಯು ಪ್ರಜೆಗಳಲ್ಲಿದೆ. ಕಿತ್ತೂರಿನಲ್ಲಿ ಜನರು ತಮ್ಮ ರಾಣಿಯ ಬಳಿ ನಿಂತು ಹೊರಗಿನವನನ್ನು ಎದುರಿಸಿದರು. ರಾಣಿಯು ಸೆರೆಯಾದ ಮೇಲೂ ಸಾಮಾನ್ಯ ಜನರಲ್ಲಿ ಒಬ್ಬನಾದ ರಾಯಣ್ಣನು ಆ ಹೋರಾಟವನ್ನು ನಡಿಸಿದನು. ಹೈದರಾಬಾದಿನಲ್ಲಿ ಬಹುಜನರು ತಮ್ಮ ಅರಸನ ವಿರುದ್ಧ ನಿಂತು ಹೊರಗಿನವನನ್ನು ಕರೆದರು. ಒಂದೆಡೆ ಸೈನ್ಯವು ಜನರ ಇಚ್ಛೆಯನ್ನು ಮುರಿಯಿತು, ಇನ್ನೊಂದೆಡೆ ಜನರ ಇಚ್ಛೆಗೆ ದಾರಿಮಾಡಿತು. ಒಂದೆಡೆ ನೆಲವು ವ್ಯಾಪಾರದ ಮಂಡಲಿಗೆ ಹೋಯಿತು. ಇನ್ನೊಂದೆಡೆ ಅಲ್ಲಿಯ ಜನರೇ 1952ರಲ್ಲಿ ಮತವಿತ್ತು ತಮ್ಮ ಸರಕಾರವನ್ನು ಮಾಡಿಕೊಂಡರು, 1956ರ ನವೆಂಬರ 1ರಂದು ಮೂರು ಕನ್ನಡ ಜಿಲ್ಲೆಗಳು ಕನ್ನಡದ ರಾಜ್ಯವನ್ನು ಸೇರಿದವು. ಈ ಅಳತೆಯಿಂದ ನಮ್ಮ ಎರಡು ತೀರ್ಪುಗಳೂ ನಿಲ್ಲುವವು.

ಆದರೆ ಈ ಅಳತೆಯನ್ನು ಕಾಯದೆಯನ್ನಾಗಿ ಮಾಡಬಹುದೇ? ಮಾಡಲಾಗದೆಂದೇ ನಮ್ಮ ಅಭಿಪ್ರಾಯ. ಜನರ ಇಚ್ಛೆಯು ತನ್ನ ಕಡೆಗಿದೆಯೆಂದು ಹೇಳದ ಆಕ್ರಮಣಕಾರನು ಲೋಕದಲ್ಲಿ ಹುಟ್ಟಿಲ್ಲ. 1945ರ ಸಂಯುಕ್ತ ರಾಷ್ಟ್ರಗಳ ಸನದಿನ ಎರಡನೆಯ ಕಲಮು ಬಲಪ್ರಯೋಗವನ್ನು ನಿಷೇಧಿಸುವದು. 51ನೆಯ ಕಲಮು ಆತ್ಮರಕ್ಷಣೆಯನ್ನು ಮಾತ್ರ ಬಿಟ್ಟುಕೊಡುವದು. ಉಳಿದದ್ದು ಭದ್ರತಾ ಮಂಡಲಿಯ ಅಪ್ಪಣೆಗೆ ಸೇರಿದ್ದು. ಹೈದರಾಬಾದಿನ ಪ್ರಕರಣವಾದ ಏಳು ತಿಂಗಳಲ್ಲಿಯೇ, 1949ರ ಏಪ್ರಿಲ 9ರಂದು, ಹೇಗಿನ ನ್ಯಾಯಾಲಯವು ಕೋರ್ಫು ಕಾಲುವೆಯ ತೀರ್ಪಿನಲ್ಲಿ ಹಸ್ತಕ್ಷೇಪದ ಹಕ್ಕೆಂಬದನ್ನು ಒಪ್ಪಲಿಲ್ಲ. ಅದು ಬಲಿಷ್ಠರ ಕೈಗೆ ಮಾತ್ರ ಸಿಕ್ಕುವ ಹಕ್ಕಾದೀತೆಂದು ಎಚ್ಚರಿಸಿತು. 1986ರಲ್ಲಿ ನಿಕರಾಗುವಾದ ದಾವೆಯಲ್ಲಿಯೂ ಅದೇ ದಾರಿಯನ್ನು ಹಿಡಿಯಿತು. ಮಿಲ್ಲನ 'ಅನಾಗರಿಕ'ರಿಗೆ ಈ ತೀರ್ಪುಗಳಲ್ಲಿ ಎಡೆಯಿಲ್ಲವೆಂಬದು ನಮಗೆ ಸಮಾಧಾನದ ಸಂಗತಿ.

ಆಮೇಲಿನ ಚರಿತ್ರೆಯೂ ಇದೇ ಎಳೆದಾಟದ್ದು. 1961ರ ಡಿಸೆಂಬರಿನಲ್ಲಿ ನಮ್ಮ ಪಡುವಲ ನೆರೆಯ ಗೋವೆಯನ್ನು ಭಾರತವು ಸೈನ್ಯದಿಂದ ಬಿಡಿಸಿಕೊಂಡಾಗ ಭದ್ರತಾ ಮಂಡಲಿಯ ಖಂಡನೆಯನ್ನು ಸೋವಿಯತ್ ನಿಷೇಧಮತವೇ ತಡೆಯಿತು. 1971ರಲ್ಲಿ ಪೂರ್ವ ಬಂಗಾಲದಿಂದ ಒಂದು ಕೋಟಿಯಷ್ಟು ನಿರಾಶ್ರಿತರು ಬಂದ ಮೇಲೆ ಯುದ್ಧವು ನಡೆದಾಗಲೂ, ಸಾಮಾನ್ಯ ಸಭೆಯಲ್ಲಿ 104 ರಾಷ್ಟ್ರಗಳು ಕದನವನ್ನು ನಿಲ್ಲಿಸಿ ಸೈನ್ಯವನ್ನು ಹಿಂದೆಗೆಯಬೇಕೆಂದು ಮತವಿತ್ತವು. ಬೇಡವೆಂದವರು 11 ಮಾತ್ರ. 1999ರಲ್ಲಿ ಕೊಸೊವೊದ ಹೆಸರಿನಲ್ಲಿ ಮಂಡಲಿಯ ಅಪ್ಪಣೆಯಿಲ್ಲದೆ ಬಾಂಬುಗಳು ಬಿದ್ದಾಗ ಭಾರತವು ವಿರೋಧಿಸಿತು. 2005ರಲ್ಲಿ ರಾಷ್ಟ್ರಗಳೆಲ್ಲ ಕೂಡಿ ಪ್ರಜೆಗಳನ್ನು ರಕ್ಷಿಸುವ ಹೊಣೆಯೆಂಬ ತತ್ತ್ವವನ್ನು ಒಪ್ಪಿದವು. ಆದರೆ ಅದನ್ನು ನಡಿಸುವ ಕೈ ಮಂಡಲಿಯದೇ ಆಗಿರಬೇಕೆಂದು ಬಿಗಿದವು. 2011ರಲ್ಲಿ ಅದೇ ತತ್ತ್ವದಿಂದ ಲಿಬಿಯಾದಲ್ಲಿ ಕೈಯಿಟ್ಟಾಗ ಭಾರತವು ಮತ ಹಾಕದೆ ತಟಸ್ಥವಾಗಿ ಉಳಿಯಿತು. ಆ ದೇಶದ ಮುಂದಿನ ಅರಾಜಕತೆಯು ಪರರು ತಂದುಕೊಟ್ಟ ಬಿಡುಗಡೆಯ ಬಗೆಗೆ ಮಿಲ್ಲನು ಹೇಳಿದ ಮೊದಲ ಮಾತನ್ನು ನೆನಪಿಗೆ ತಂದಿತು.

ಹೀಗಾದರೆ ಹೈದರಾಬಾದಿನಲ್ಲಿ ಭಾರತವು ಮಾಡಿದ್ದು ತಪ್ಪೇ? ಕಾಯದೆಯ ಇಕ್ಕಟ್ಟಾದ ಕಣ್ಣಿನಿಂದ ನೋಡಿದರೆ, ಪಂಚಾಯತಿಯ ಕಲಮಿದ್ದಾಗಲೂ, ದೂರು ಮಂಡಲಿಯ ಮುಂದಿದ್ದಾಗಲೂ ಸೈನ್ಯವನ್ನು ನಡೆಸಿದ್ದನ್ನು ಸಮರ್ಥಿಸುವದು ಸುಲಭವಲ್ಲ. ಮನುಷ್ಯರ ಕಣ್ಣಿನಿಂದ ನೋಡಿದರೆ, ಇನ್ನೂ ಒಂದು ವರ್ಷ ಕಾಯಿರಿ ಎಂದು ಗೋರ್ಟಾದವರಿಗೆ ಹೇಳುವ ಬಾಯಿ ಯಾವದು? ನೆರೆಮನೆಗೆ ಬೆಂಕಿ ಬಿದ್ದಾಗ ಬಾಗಿಲು ಒಡೆದು ಒಳಹೊಕ್ಕವನ ಮಾತನ್ನು ನೋಡಿರಿ. ಬಾಗಿಲು ಒಡೆಯುವ ಹಕ್ಕು ಎಲ್ಲರಿಗೂ ಉಂಟೆಂದು ಊರು ಸಾರಿದರೆ ಯಾರ ಮನೆಯೂ ಉಳಿಯದು. ಅದಕ್ಕೆಂದು ಬೆಂಕಿಯನ್ನು ಆರಿಸಿದವನನ್ನು ಕಳ್ಳನೆಂದು ಕಟ್ಟಿಹಾಕುವ ಊರೂ ಇಲ್ಲ. ಬೆಂಕಿ ನಿಜವಾಗಿತ್ತೇ ಎಂದು ಊರವರು ಆಮೇಲೆ ನೋಡುವರು. ಮನೆಯವರು ಕೂಗಿದ್ದರೇ ಎಂದು ಕೇಳುವರು. ಬೆಂಕಿ ಆರಿದ ಮೇಲೆ ಅವನು ಮನೆಯನ್ನು ಮನೆಯವರಿಗೆ ಬಿಟ್ಟನೇ ಎಂದು ನೋಡುವರು. ಗದ್ದಲದಲ್ಲಿ ಹಗೇವಿನ ಜೋಳವು ಎಲ್ಲಿ ಹೋಯಿತೆಂದೂ ಕೇಳುವರು. ಹಕ್ಕು ಮುಂಗಡವಾಗಿ ಸಿಕ್ಕುವದು, ಕ್ಷಮೆಯು ಲೆಕ್ಕವನ್ನು ಒಪ್ಪಿಸಿದ ಮೇಲೆ ಸಿಕ್ಕುವದು. ಹಸ್ತಕ್ಷೇಪಕ್ಕೆ ಹಕ್ಕಿಲ್ಲ, ಕೆಲವು ಸಲ ಕ್ಷಮೆಯುಂಟು.

ಲೆಕ್ಕದ ಮಾತು ಬಂದಾಗಲೇ 'ಪೋಲೀಸ ಕಾರ್ಯಾಚರಣೆ' ಎಂಬ ಶಬ್ದದ ದೋಷವು ಕಾಣುವದು. ಹೋದದ್ದು ಪೋಲೀಸರಲ್ಲ, ರಣಗಾಡಿಗಳೊಡನೆ ಸೈನ್ಯ. ನಡಿಸಿದವರು ಫೌಜದಾರರಲ್ಲ, ಜನರಲ್ ಚೌಧರಿಯವರು. ಮನೆಯ ವಿಷಯವೆಂದು ತೋರಿಸಲು ಹುಟ್ಟಿದ ಈ ಶಬ್ದವು ಹೊರಗಿನವರ ಪ್ರಶ್ನೆಯನ್ನು ತಡೆದದ್ದಲ್ಲದೆ ಒಳಗಿನವರ ಪ್ರಶ್ನೆಯನ್ನೂ ತಡೆಯಿತು. ಸೈನ್ಯವು ಗೆದ್ದ ಬೆನ್ನಿಗೆ ಆ ರಾಜ್ಯದ ಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ಸೇಡಿನ ಕೊಲೆ ಸುಲಿಗೆಗಳು ನಡೆದವು. ಭಾರತ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ಮಂಡಲಿಯು 1948ರ ನವೆಂಬರ-ಡಿಸೆಂಬರಗಳಲ್ಲಿ ಸುತ್ತಾಡಿ, ಸತ್ತವರು ಕನಿಷ್ಠ 27,000ದಿಂದ 40,000ದ ವರೆಗೆ ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರಗಳೆಂಬ ನಮ್ಮ ಕನ್ನಡ ಜಿಲ್ಲೆಗಳು ಎರಡು. ಅನೇಕ ಕಡೆ ಸೈನಿಕರು ಜನರನ್ನು ಕಾಪಾಡಿದರೆಂದು ಆ ವರದಿಯು ಹೊಗಳಿದೆ. ಕೆಲವು ಕಡೆ ಅವರೂ ಕೈಗೂಡಿಸಿದರೆಂದು ದೂರಿದೆ. ಆ ವರದಿಯು ಸಾರ್ವಜನಿಕರ ಓದಿಗೆ ದೊರೆತದ್ದು 2013ರ ಹೊತ್ತಿಗೆ. ಅಷ್ಟರಲ್ಲಿ ಅರುವತ್ತೈದು ವರ್ಷಗಳಾಗಿದ್ದವು.

ಇದನ್ನು ಹೇಳಿದರೆ ರಜಾಕಾರರ ಪಾಪವನ್ನು ತೊಳೆದಂತಾಗುವದೆಂದು ಕೆಲವರು ಅಂಜುವರು. ಆ ಅಂಜಿಕೆಗೆ ಆಧಾರವಿಲ್ಲ. ರಜಾಕಾರರ ಪಾಪವೇ ಸೈನ್ಯವು ಹೋದದ್ದಕ್ಕೆ ಕಾರಣ. ನಿರಪರಾಧಿ ಜನರನ್ನು ರಕ್ಷಿಸುವದೇ ಅದರ ಉದ್ದೇಶ. ನಿರಪರಾಧಿಗಳನ್ನು ರಕ್ಷಿಸಲು ಹೋದವನು ಬೇರೆ ನಿರಪರಾಧಿಗಳ ಲೆಕ್ಕವನ್ನು ಕೊಡಲಾರೆನೆಂದರೆ ಅವನ ಉದ್ದೇಶದ ಮೇಲೆಯೇ ಸಂಶಯವು ಹುಟ್ಟುವದು. ಕಿತ್ತೂರಿನ ಕುಂಪಣಿಯಿಂದ ನಮ್ಮನ್ನು ಬೇರೆ ಮಾಡುವ ಗೆರೆಯು ಇದೇ. ಕುಂಪಣಿಯು ತನ್ನ ಕಡೆಯ ಸತ್ತವರಿಗೆ ಕಲ್ಲನ್ನು ನಿಲ್ಲಿಸಿತು. ಧಾರವಾಡದಲ್ಲಿರುವ ಥ್ಯಾಕರೆಯ ಸ್ಮಾರಕವನ್ನು ಬಲ್ಲವರು ಅದನ್ನು ಬಲ್ಲರು. ಎದುರಾಳಿಯ ಸತ್ತವರನ್ನು ಅದು ಎಣಿಸಲಿಲ್ಲ.

ಕಾರಣ, ನಮ್ಮ ಲೇಖಕರಿಗೂ ಅಧ್ಯಾಪಕರಿಗೂ ಒಂದು ಸೂಚನೆಯನ್ನು ಮಾಡಬೇಕಾಗಿದೆ. 1948ರ ಸಂಗತಿಯನ್ನು ಬರೆಯುವಾಗ 'ಪೋಲೀಸ ಕಾರ್ಯಾಚರಣೆ' ಎಂಬ ಶಬ್ದವನ್ನು ಬಿಡೋಣ. 'ವಿಮೋಚನೆ' ಎಂಬ ಶಬ್ದವನ್ನು ಉಳಿಸಿಕೊಳ್ಳಬಹುದು; ಅದಕ್ಕೆ ಮುಂಡರಗಿ ಗಜೇಂದ್ರಗಡಗಳ ಶಿಬಿರಗಳೂ, ಮುಂದಿನ ಮತದಾನವೂ ಸಾಕ್ಷಿಯಾಗಿವೆ. ಆದರೆ ಆ ಶಬ್ದವನ್ನು ಬಳಸುವವರು ಗೋರ್ಟಾದ ಹೆಸರನ್ನು ಹೇಳುವ ಪುಟದಲ್ಲಿಯೇ ಸುಂದರಲಾಲ ವರದಿಯ ಹೆಸರನ್ನೂ ಹೇಳಲಿ. ಗುಲಬರ್ಗಾ ಬೀದರಗಳ ಹಳ್ಳಿಗಳಲ್ಲಿ ಎರಡೂ ಕಡೆಯ ಮನೆತನಗಳ ನೆನಪುಗಳನ್ನು ಬರೆದಿಡುವ ಕೆಲಸವನ್ನು ಅಲ್ಲಿಯ ಸಾಹಿತ್ಯಸಂಘಗಳೂ ನಮ್ಮ ಸಂಘಗಳೂ ಕೂಡಿ ಕೈಕೊಂಡರೆ ಒಳಿತು. ನೋಡಿದ ಕಣ್ಣುಗಳು ಈಗ ಬಹಳ ಉಳಿದಿಲ್ಲವಾದುದರಿಂದ ತಡಮಾಡುವದು ಯೋಗ್ಯವಲ್ಲ.